ಜಾಝ್ ಕೇಳಿದರೆ ಕಣ್ಣು ತುಂಬುತ್ತದೆ, ಇದು ಭಕ್ತಿಯೋ ಭ್ರಮೆಯೋ?

ಪ್ರಶ್ನೆ: ನನಗೆ 44 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ. ಹೋದ ವರ್ಷ ಅಪ್ಪ ತೀರಿಕೊಂಡರು. ಆಮೇಲೆ ಪೂಜೆಗೆ ಕೂತರೂ ಮನಸ್ಸು ನಿಲ್ಲುತ್ತಿಲ್ಲ. ಗೆಳೆಯನೊಬ್ಬ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಮ್' ಆಲ್ಬಮ್ ಕೇಳಿಸಿದ. ಈಗ ದಿನಾ ರಾತ್ರಿ ಎಲ್ಲರೂ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಅದನ್ನೇ ಕೇಳುತ್ತೇನೆ. ಕಣ್ಣಲ್ಲಿ ನೀರು ಬರುತ್ತದೆ. ಅಮ್ಮ 'ದಾಸರ ಪದ, ವಚನ ಬಿಟ್ಟು ಇದೇನೋ ಬಾರಿನ ಸಂಗೀತ' ಅನ್ನುತ್ತಾರೆ. ಕೋಲ್ಟ್ರೇನ್ ಹೆರಾಯಿನ್ ಚಟದಲ್ಲಿದ್ದರು, ಒಂದು ದಿನ ದೇವರ ಅನುಭವವಾಗಿ ಎಲ್ಲ ಬಿಟ್ಟರು ಅಂತ ಓದಿದೆ. ಅಪ್ಪ ಹೋದ ಮೇಲೆ ನಾನೂ ದಿನಾ ಸಂಜೆ ಕುಡಿಯುತ್ತಿದ್ದೇನೆ. ಅಂಥ ಒಂದು ಕ್ಷಣ ನನಗೂ ಬರಬಹುದು ಅನ್ನಿಸುತ್ತದೆ. ಆಫೀಸಿನ ಒಂದು ತರಬೇತಿಯಲ್ಲಿ 'ಜಾಝ್‌ನಲ್ಲಿ ತಪ್ಪು ಸ್ವರ ಅನ್ನೋದೇ ಇಲ್ಲ, ಬದುಕನ್ನೂ ಹಾಗೇ ನುಡಿಸಿ' ಅಂದರು. ಕೆಲಸ ಬಿಟ್ಟು ಒಂದು ವರ್ಷ ಸ್ಯಾಕ್ಸೋಫೋನ್ ಕಲಿಯೋಣ ಅಂತಿದ್ದೇನೆ. ಹೆಂಡತಿ ಬೇಡ ಅನ್ನುತ್ತಿದ್ದಾಳೆ. ಇದು ನಿಜವಾದ ಅಧ್ಯಾತ್ಮವೋ, ನನಗೆ ನಾನೇ ಹೇಳಿಕೊಳ್ಳುತ್ತಿರುವ ಸುಳ್ಳೋ?

ಉತ್ತರ: ನಿಮ್ಮ ಪತ್ರದಲ್ಲಿ ಸಂಗೀತದ ಪ್ರಶ್ನೆ ಇದೆ, ದುಃಖದ್ದಿದೆ, ಕುಡಿತದ್ದಿದೆ, ನೌಕರಿಯದ್ದಿದೆ. ನಾಲ್ಕಕ್ಕೂ ನೀವು ಕೋಲ್ಟ್ರೇನ್ ಅವರಿಂದಲೇ ಉತ್ತರ ಬಯಸುತ್ತಿದ್ದೀರಿ. ಅಷ್ಟು ಭಾರವನ್ನು ಒಬ್ಬ ಸಂಗೀತಗಾರನ ಮೇಲೆ ಹಾಕಿದರೆ ಅವರ ಸಂಗೀತವೂ ಸರಿಯಾಗಿ ಕೇಳಿಸುವುದಿಲ್ಲ. ನಾನು ಪಿಯಾನೋ ನುಡಿಸುವವನು, ಕಲಿಸುವವನು. ವೈದ್ಯನಲ್ಲ, ಸ್ವಾಮೀಜಿಯೂ ಅಲ್ಲ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಕಣ್ಣಲ್ಲಿ ನೀರು ಬರುವುದರ ಬಗ್ಗೆ ಸಂಕೋಚ ಬೇಡ. ನೀವು ಇಲ್ಲದ್ದನ್ನು ಕಲ್ಪಿಸಿಕೊಂಡು ಅಳುತ್ತಿಲ್ಲ. ಆ ರೆಕಾರ್ಡನ್ನು ಮಾಡಿದ್ದೇ ಪ್ರಾರ್ಥನೆ ಅಂತ. 1964ರ ಡಿಸೆಂಬರ್ 9ರಂದು ನ್ಯೂಜೆರ್ಸಿಯ ಇಂಗಲ್‌ವುಡ್ ಕ್ಲಿಫ್ಸ್‌ನಲ್ಲಿರುವ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ನಾಲ್ಕು ಜನ ಸೇರಿ ನುಡಿಸಿದರು. ಸ್ಯಾಕ್ಸೋಫೋನ್ ಕೋಲ್ಟ್ರೇನ್, ಪಿಯಾನೋ ಮೆಕಾಯ್ ಟೈನರ್, ಬಾಸ್ (ತಗ್ಗು ದನಿಯ ದೊಡ್ಡ ತಂತಿವಾದ್ಯ) ಜಿಮ್ಮಿ ಗ್ಯಾರಿಸನ್, ಡ್ರಮ್ಸ್ ಎಲ್ವಿನ್ ಜೋನ್ಸ್. ನಾಲ್ಕು ಭಾಗಗಳು. ಮೊದಲ ಭಾಗದಲ್ಲಿ ಬಾಸ್ ನಾಲ್ಕೇ ಸ್ವರದ ಒಂದು ತುಣುಕು ಹಿಡಿಯುತ್ತದೆ. ಆ ಭಾಗ ಮುಗಿಯುತ್ತಾ ಬಂದ ಹಾಗೆ ಕೋಲ್ಟ್ರೇನ್ ಅದೇ ತುಣುಕನ್ನು ಪಾಶ್ಚಾತ್ಯ ಸಂಗೀತದ 12 ಶ್ರುತಿಗಳಲ್ಲೂ ನುಡಿಸಿ ಬರುತ್ತಾರೆ. ಆಮೇಲೆ ವಾದ್ಯ ಕೆಳಗಿಟ್ಟು ಅದೇ ಸ್ವರಗಳಿಗೆ ಹೆಸರಿನ ಆ ಮೂರು ಪದ ಹಚ್ಚಿ ಜಪದ ಹಾಗೆ ಹೇಳುತ್ತಾರೆ.

ಕೊನೆಯ ಭಾಗದ ವಿಷಯ ನಿಮಗೆ ಗೊತ್ತಿದೆಯೋ ಇಲ್ಲವೋ. ರೆಕಾರ್ಡಿನ ಹೊದಿಕೆಯ ಒಳಗೆ ಕೋಲ್ಟ್ರೇನ್ ಬರೆದ ಒಂದು ಪ್ರಾರ್ಥನೆ ಅಚ್ಚಾಗಿದೆ. ಕೊನೆಯ ಭಾಗದಲ್ಲಿ ಅವರು ಆ ಪ್ರಾರ್ಥನೆಯನ್ನು ಪದಪದವಾಗಿ ಸ್ಯಾಕ್ಸೋಫೋನಿನಲ್ಲಿ ಊದುತ್ತಾರೆ. ಪಠ್ಯ ಎದುರಿಗಿಟ್ಟುಕೊಂಡು ಕೇಳಿ, ಯಾವ ಸ್ವರಕ್ಕೆ ಯಾವ ಮಾತು ಅಂತ ಬೆರಳಿಟ್ಟು ತೋರಿಸಬಹುದು. ನಮ್ಮ ನಾಗಸ್ವರದ ವಿದ್ವಾಂಸರು ಕೃತಿಯ ಸಾಹಿತ್ಯವನ್ನು ಮನಸ್ಸಿನಲ್ಲೇ ಹಾಡಿಕೊಂಡು ಊದುತ್ತಾರಲ್ಲ, ಅದೇ ಕ್ರಮ. ಮಾತು ಕಿವಿಗೆ ಬೀಳದಿದ್ದರೂ ಉಸಿರಿನಲ್ಲಿ ಅದು ಇದೆ. ನಿಮ್ಮನ್ನು ತಟ್ಟಿದ್ದು ಅದೇ ಇರಬಹುದು.

ಅಮ್ಮನ ಮಾತಿಗೆ ಬರುತ್ತೇನೆ. ಅದು ಪೂರ್ತಿ ತಪ್ಪೇನಲ್ಲ. ನ್ಯೂ ಆರ್ಲಿಯನ್ಸ್‌ನ ಸ್ಟೋರಿವಿಲ್ ಎಂಬ ಕೆಂಪುದೀಪದ ಬೀದಿ 1917ರಲ್ಲಿ ಮುಚ್ಚುವ ತನಕ ಮೊದಲ ಪೀಳಿಗೆಯ ಎಷ್ಟೋ ಜನರಿಗೆ ಅಲ್ಲಿ ಕೆಲಸ ಸಿಗುತ್ತಿತ್ತು. ಆಮೇಲೆ ಪಾನನಿಷೇಧ ಇದ್ದ ಕಳ್ಳಬಟ್ಟಿ ಕಾಲದ ಕ್ಲಬ್ಬುಗಳು ಬಂದವು. ಕಪ್ಪು ಜನರ ಚರ್ಚುಗಳಲ್ಲೇ ಇದನ್ನು ಸೈತಾನನ ಸಂಗೀತ ಅಂತ ಬೈದವರು ಬೇಕಾದಷ್ಟಿದ್ದರು. ಅಂದರೆ ನಿಮ್ಮ ಅಮ್ಮ ಹೇಳಿದ್ದನ್ನೇ ಅಲ್ಲಿನ ಅಮ್ಮಂದಿರೂ ಹೇಳಿದ್ದಾರೆ. ಆದರೆ ನುಡಿಸಿದ ಮಕ್ಕಳು ಬೆಳೆದದ್ದು ಆ ಚರ್ಚುಗಳಲ್ಲೇ. ಕೋಲ್ಟ್ರೇನ್ ಹುಟ್ಟಿದ್ದು 1926ರಲ್ಲಿ, ನಾರ್ತ್ ಕ್ಯಾರೊಲಿನಾದ ಹ್ಯಾಮ್ಲೆಟ್ ಎಂಬ ಊರಿನಲ್ಲಿ. ಅಪ್ಪನ ಅಪ್ಪ, ಅಮ್ಮನ ಅಪ್ಪ ಇಬ್ಬರೂ ಮೆಥಡಿಸ್ಟ್ ಪಾದ್ರಿಗಳು. ಜಾಝ್ ಬ್ಯಾಂಡಿನ ನಾಯಕ ಡ್ಯೂಕ್ ಎಲಿಂಗ್ಟನ್ 1965ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗ್ರೇಸ್ ಕೆಥೀಡ್ರಲ್‌ನಲ್ಲಿ ತಮ್ಮ ಪೂರ್ತಿ ಬ್ಯಾಂಡನ್ನೇ ಕೂರಿಸಿ ಭಕ್ತಿ ಸಂಗೀತ ಕಚೇರಿ ಮಾಡಿದರು. ಅಂಥದ್ದೇ ಮತ್ತೆರಡನ್ನು 1968ರಲ್ಲಿ ನ್ಯೂಯಾರ್ಕ್‌ನಲ್ಲೂ 1973ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲೂ ಮಾಡಿದರು.

ಮೇರಿ ಲೂ ವಿಲಿಯಮ್ಸ್ ಅವರ ಕಥೆ ನನಗೆ ಇವೆಲ್ಲಕ್ಕಿಂತ ಹತ್ತಿರದ್ದು. ಅವರೂ ಪಿಯಾನೋದವರು ಅನ್ನುವ ಪಕ್ಷಪಾತ ಇರಲಿ ಬಿಡಿ. 1954ರಲ್ಲಿ ಪ್ಯಾರಿಸ್ಸಿನಲ್ಲಿ ಹೆಸರು ಜೋರಾಗಿರುವಾಗಲೇ ಆಕೆ ವೇದಿಕೆ ಬಿಟ್ಟು ಎದ್ದು ಹೋದರು. ನ್ಯೂಯಾರ್ಕಿಗೆ ಮರಳಿ ಪ್ರಾರ್ಥನೆಯಲ್ಲಿ ಮುಳುಗಿದರು. ಚಟಕ್ಕೆ ಬಿದ್ದ ಸಂಗೀತಗಾರರನ್ನು ಮನೆಗೇ ಕರೆದು ಆರೈಕೆ ಮಾಡಿದರು. 1957ರಲ್ಲಿ ಕ್ಯಾಥೊಲಿಕ್ ದೀಕ್ಷೆ ಪಡೆದರು. ಆಗ ಆಕೆಗೆ ಸಂಗೀತವೇ ಬೇಡವಾಗಿತ್ತು. ವಾಪಸ್ ಪಿಯಾನೋ ಮುಂದೆ ಕೂರುವಂತೆ ಒತ್ತಾಯ ಮಾಡಿದವರಲ್ಲಿ ಪಾದ್ರಿಗಳೇ ಇದ್ದರು. ನಿನ್ನ ಸೇವೆ ಇದೇ ಅಂದರು. ಆಕೆ ಬರೆದ ಪ್ರಾರ್ಥನಾ ಸಂಗೀತ 1975ರಲ್ಲಿ ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ ಕೆಥೀಡ್ರಲ್‌ನಲ್ಲಿ ಮೊಳಗಿತು. ದೇವರ ಮನೆ ಒಂದು ಕಡೆ, ಜಾಝ್ ಇನ್ನೊಂದು ಕಡೆ ಅನ್ನುವ ಭಾಗ ಆಕೆಯ ಬದುಕಿನಲ್ಲಿ ನಿಲ್ಲಲಿಲ್ಲ. ನಿಮ್ಮ ಬದುಕಿನಲ್ಲೂ ಆ ಭಾಗ ಮಾಡಲೇಬೇಕು ಅಂತೇನಿಲ್ಲ.

ಈಗ ದುಃಖದ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಜಾಝ್ ಅಲ್ಲ. ಎಲ್ಲರೂ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು, ಒಬ್ಬರೇ ಕೇಳುತ್ತೇನೆ ಅಂದಿರಲ್ಲ, ಅದು.

ಸಾವಿನ ಜೊತೆ ಈ ಸಂಗೀತ ಹುಟ್ಟಿನಿಂದಲೇ ಬದುಕಿದೆ. ನ್ಯೂ ಆರ್ಲಿಯನ್ಸ್‌ನ ಕಪ್ಪು ಜನ ಆಗ ಸಂಘ ಕಟ್ಟಿಕೊಂಡು ಚಂದಾ ಕೂಡಿಸುತ್ತಿದ್ದರು. ಸದಸ್ಯರು ಕಾಯಿಲೆ ಬಿದ್ದರೆ ಔಷಧಿಗೆ, ಸತ್ತರೆ ಮಣ್ಣಿಗೆ ಅದೇ ದುಡ್ಡು. ಮೆರವಣಿಗೆಗೆ ಬ್ರಾಸ್ ಬ್ಯಾಂಡ್ ಕರೆಸುವುದೂ ಆ ದುಡ್ಡಿನಲ್ಲೇ. ಸ್ಮಶಾನಕ್ಕೆ ಹೋಗುವಾಗ ಬ್ಯಾಂಡು ಚರ್ಚಿನ ಸ್ತುತಿಯನ್ನು ತೀರಾ ನಿಧಾನವಾಗಿ ನುಡಿಸುತ್ತದೆ. ಸಣ್ಣ ಡ್ರಮ್ಮಿನ ತಂತಿ ಸಡಿಲ ಮಾಡಿ ಅಥವಾ ಬಟ್ಟೆ ಸಿಕ್ಕಿಸಿ ಅದರ ದನಿಯನ್ನು ಮಂಕು ಮಾಡಿರುತ್ತಾರೆ. ಹೆಜ್ಜೆಯೂ ಎಳೆದೆಳೆದು ಇಡುವ ಹೆಜ್ಜೆ. ಮಣ್ಣು ಮಾಡಿ, ಗೌರವಕ್ಕೆ ತಕ್ಕಷ್ಟು ದೂರ ನಡೆದು ಬಂದ ಮೇಲೆ ಡ್ರಮ್ಮಿನವನು ಆ ಬಟ್ಟೆ ತೆಗೆಯುತ್ತಾನೆ. ತಂತಿ ಬಿಗಿಯುತ್ತಾನೆ. ಅಲ್ಲಿಂದ ಕುಣಿತದ ಲಯ. ಹಿಂದೆ ಬರುವ ಗುಂಪಿಗೆ 'ಸೆಕೆಂಡ್ ಲೈನ್' ಅನ್ನುತ್ತಾರೆ. ಕೊಡೆ, ಕರವಸ್ತ್ರ ಬೀಸುತ್ತಾ ದಾರಿಯಲ್ಲಿ ಸಿಕ್ಕವರೆಲ್ಲ ಸೇರಿಕೊಳ್ಳುತ್ತಾರೆ. ಸತ್ತವರ ಪರಿಚಯವೇ ಇಲ್ಲದವರೂ ಇರುತ್ತಾರೆ.

ಇದನ್ನು 'ಸಾವನ್ನೂ ಸಂಭ್ರಮಿಸುತ್ತಾರೆ' ಅಂತ ಕೆಲವರು ಸುಲಭವಾಗಿ ಹೇಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ನಿಧಾನದ ಭಾಗ ಪೂರ್ತಿ ನಡೆಯದೆ ಕುಣಿತಕ್ಕೆ ಹೋಗುವ ಹಾಗಿಲ್ಲ. ಆ ದಾರಿಯನ್ನು ಅಷ್ಟೂ ನಡೆಯಬೇಕು, ನಡೆಯುವಾಗ ಅಕ್ಕಪಕ್ಕ ಜನ ಇರಬೇಕು. ನಮ್ಮಲ್ಲೂ ಹನ್ನೊಂದನೇ ದಿನ, ವೈಕುಂಠ ಸಮಾರಾಧನೆ, ಶಿವಗಣಾರಾಧನೆ ಅಂತ ಜನ ಕೂಡುವುದು ಇದಕ್ಕೇ ಅಲ್ವಾ? ಆದರೆ ಬೆಂಗಳೂರಿನ ನೌಕರಿಯಲ್ಲಿ ರಜೆ ಮುಗಿಯುತ್ತದೆ, ಸೋಮವಾರ ಮೀಟಿಂಗ್ ಇರುತ್ತದೆ. ನಿಮಗೆ ನಿಧಾನದ ಭಾಗ ನಡೆಯಲು ಸಮಯವೇ ಸಿಗಲಿಲ್ಲ ಅನ್ನಿಸುತ್ತದೆ. ಅದನ್ನು ಈಗ ರಾತ್ರಿ ಒಬ್ಬರೇ ನಡೆಯುತ್ತಿದ್ದೀರಿ. ಸಂಗೀತ ಇದೆ, ಜೊತೆಗೆ ಜನ ಇಲ್ಲ. ಕೈಯಲ್ಲಿ ಗ್ಲಾಸಿದೆ.

ಕೋಲ್ಟ್ರೇನ್ ಅವರ 1957ರ ಕಥೆ ಹೇಳಲೇಬೇಕು. ನೀವು ಓದಿದ್ದರಲ್ಲಿ ಅರ್ಧ ನಿಜ, ಅರ್ಧ ಸಿನಿಮಾ.

ನಿಜ ಇಷ್ಟು. ಅವರು ಹೆರಾಯಿನ್, ಕುಡಿತ ಎರಡರಲ್ಲೂ ಇದ್ದರು. 1954ರಲ್ಲಿ ಜಾನಿ ಹಾಡ್ಜಸ್ ಬ್ಯಾಂಡಿನಿಂದ, 1957ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಬ್ಯಾಂಡಿನಿಂದ ಕೆಲಸ ಹೋಯಿತು. ಆಮೇಲೆ ಫಿಲಡೆಲ್ಫಿಯಾದ ಮನೆಯಲ್ಲಿ ಕೂತು ಎರಡನ್ನೂ ಬಿಟ್ಟರು. ದೇವರ ಕೃಪೆಯಿಂದ ಆ ವರ್ಷ ತನಗೆ ಅಂತರಂಗದ ಎಚ್ಚರ ಆಯಿತು ಅಂತ 'ಎ ಲವ್ ಸುಪ್ರೀಮ್' ಹೊದಿಕೆಯಲ್ಲಿ ಅವರೇ ಬರೆದಿದ್ದಾರೆ.

ಹೇಳುವವರು ಬಿಟ್ಟುಬಿಡುವ ಭಾಗ ಬೇರೆ ಇದೆ. ಬಿಡುವ ಹೊತ್ತಿಗೆ ಮನೆಯಲ್ಲಿ ಅಮ್ಮ ಇದ್ದರು, ಹೆಂಡತಿ ನೈಮಾ ಇದ್ದರು. ಬಿಟ್ಟ ಮೇಲೆ ಅವರು ಧ್ಯಾನಕ್ಕೆ ಕೂತುಬಿಡಲಿಲ್ಲ. ಅದೇ ಬೇಸಿಗೆಯಲ್ಲಿ ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಜೊತೆ ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ಕೆಲಸಕ್ಕೆ ಸೇರಿ ತಿಂಗಳುಗಟ್ಟಲೆ ನುಡಿಸಿದರು. ಒಂದು ಕ್ಷಣ ಗಮನ ತಪ್ಪಿದರೂ ಲಿಫ್ಟ್ ಇಲ್ಲದ ಲಿಫ್ಟ್‌ಹೊಂಡಕ್ಕೆ ಕಾಲಿಟ್ಟ ಹಾಗೆ ಆಗುತ್ತಿತ್ತು ಅಂತ ಮಂಕ್ ಜೊತೆ ನುಡಿಸುವುದರ ಬಗ್ಗೆ ಅವರು ಹೇಳಿದ್ದಾರೆ. ಎಲ್ಲಕ್ಕಿಂತ ಮುಖ್ಯವಾದದ್ದು, ಅದೇ ಹೊದಿಕೆಯ ಬರಹದಲ್ಲಿ, ಎಚ್ಚರದ ಮಾತಿನ ಸ್ವಲ್ಪ ಕೆಳಗೆ, ಆಮೇಲೆ ತಾನು ಮತ್ತೆ ಹೊಯ್ದಾಡಿದೆ, ಕೊಟ್ಟ ಮಾತಿಗೆ ವಿರುದ್ಧವಾದ ದಾರಿಗೆ ಹೋಗಿದ್ದೆ ಅಂತಲೂ ಒಪ್ಪಿಕೊಂಡಿದ್ದಾರೆ. 1957ರ ಕೃತಜ್ಞತೆ ರೆಕಾರ್ಡ್ ಆಗಿದ್ದು 1964ರಲ್ಲಿ. ನಡುವೆ ಏಳು ವರ್ಷ. ನೀವು ಕೇಳುತ್ತಿರುವುದು ಆ ಏಳು ವರ್ಷದ ಸಂಗೀತ, ಒಂದು ರಾತ್ರಿಯದ್ದಲ್ಲ.

ಅವರನ್ನು ಸಂತ ಅಂತ ಪೂಜಿಸುವ ಚರ್ಚು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಿಜವಾಗಿಯೂ ಇದೆ. ಮೊದಮೊದಲು ಅಲ್ಲಿ ಅವರನ್ನು ದೇವರೇ ಅಂದಿದ್ದರು. 1982ರಲ್ಲಿ ಆಫ್ರಿಕನ್ ಆರ್ಥೊಡಾಕ್ಸ್ ಚರ್ಚಿಗೆ ಸೇರುವಾಗ ಸಂತನ ಸ್ಥಾನಕ್ಕೆ ಇಳಿಸಬೇಕಾಯಿತು! ಅವರ ಶ್ರದ್ಧೆ ಅವರಿಗೆ. ನೀವು ಮಾತ್ರ ಮನುಷ್ಯನಾಗಿಯೇ ನೋಡಿ. ನೈಮಾ ಅವರ ಹೆಸರಿನಲ್ಲಿ ಅಷ್ಟು ಚೆಂದದ ಒಂದು ರಚನೆ ಮಾಡಿದವರು 1963ರಲ್ಲಿ ಆಕೆಯನ್ನು ಬಿಟ್ಟು ಹೋದರು. ಸಂಗೀತದ ಹುಡುಕಾಟ ಇನ್ನೂ ತೀವ್ರವಾದಾಗ ಟೈನರ್, ಎಲ್ವಿನ್ ಜೋನ್ಸ್ ಇಬ್ಬರೂ ಬ್ಯಾಂಡ್ ಬಿಟ್ಟರು. 1967ರ ಜುಲೈ 17ರಂದು ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ ಇನ್ನೂ 40.

ಚಟಕ್ಕೂ ಪ್ರತಿಭೆಗೂ ಗಂಟು ಹಾಕುವ ಒಂದು ಹಳೇ ಕಥೆಯೂ ಇದೆ. ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಹೆರಾಯಿನ್ ತೆಗೆದುಕೊಂಡೇ ಹಾಗೆ ನುಡಿಸುತ್ತಾರೆ ಅಂತ ನಂಬಿ 1940ರ ದಶಕದಲ್ಲಿ ಹುಡುಗರು ಸಾಲುಸಾಲಾಗಿ ಅದಕ್ಕೆ ಬಿದ್ದರು. ಪಾರ್ಕರ್ 1955ರಲ್ಲಿ 34ನೇ ವಯಸ್ಸಿಗೆ ಸತ್ತಾಗ ಶವ ನೋಡಿದ ವೈದ್ಯರು 50 ದಾಟಿದ ಮನುಷ್ಯ ಅಂದುಕೊಂಡರು. ಅದೇ ವರ್ಷ ಇನ್ನೊಬ್ಬ ಸ್ಯಾಕ್ಸೋಫೋನ್ ವಾದಕ ಸನ್ನಿ ರೋಲಿನ್ಸ್ ಚಟ ಬಿಡಲು ಕೆಂಟಕಿಯ ಲೆಕ್ಸಿಂಗ್ಟನ್‌ನ ಸರ್ಕಾರಿ ಆಸ್ಪತ್ರೆಗೆ ತಾವೇ ಹೋಗಿ ದಾಖಲಾದರು. ಹೊರಗೆ ಬಂದು, ಕ್ಲಬ್ಬಿಗೆ ಹೋದರೆ ಮತ್ತೆ ಬೀಳುತ್ತೇನೆ ಅನ್ನುವ ಭಯಕ್ಕೆ ಷಿಕಾಗೋದಲ್ಲಿ ಕೂಲಿ ಕೆಲಸ ಮಾಡಿಕೊಂಡಿದ್ದರು. ಆಮೇಲೆ ಸೇರಿದ್ದು ಟ್ರಂಪೆಟ್ ವಾದಕ ಕ್ಲಿಫರ್ಡ್ ಬ್ರೌನ್ ಇದ್ದ ಬ್ಯಾಂಡಿಗೆ. ಬ್ರೌನ್ ಯಾವ ಚಟವೂ ಇಲ್ಲದ ಅಪ್ಪಟ ಪ್ರತಿಭೆ. ಹೀಗೂ ಇರಬಹುದು, ಹೀಗಿದ್ದೂ ಇಷ್ಟು ಚೆನ್ನಾಗಿ ನುಡಿಸಬಹುದು ಅಂತ ತನಗೆ ತೋರಿಸಿಕೊಟ್ಟವನು ಅವನೇ ಅಂತ ರೋಲಿನ್ಸ್ ಹೇಳುತ್ತಿದ್ದರು. ಒಬ್ಬರಿಗೆ ಮನೆ, ಒಬ್ಬರಿಗೆ ಆಸ್ಪತ್ರೆ ಮತ್ತು ಒಳ್ಳೆಯ ಜೊತೆಗಾರ. ಎರಡು ಕಡೆಯೂ ಯಾರೋ ಇದ್ದರು.

ಆದ್ದರಿಂದ ಕುಡಿತದ ವಿಷಯದಲ್ಲಿ ಯಾವ ಕ್ಷಣಕ್ಕೂ ಕಾಯಬೇಡಿ. ಹಾಗಂತ ಕೋಲ್ಟ್ರೇನ್ ಮಾಡಿದ ಹಾಗೆ ಕೋಣೆ ಸೇರಿ ಒಮ್ಮೆಲೇ ನಿಲ್ಲಿಸಲೂ ಹೋಗಬೇಡಿ. ದಿನಾ ಜಾಸ್ತಿ ಕುಡಿಯುತ್ತಿದ್ದವರು ಥಟ್ಟನೆ ಬಿಟ್ಟರೆ ಕೈಕಾಲು ನಡುಕ, ಫಿಟ್ಸ್, ಇಲ್ಲದ್ದು ಕಾಣಿಸುವುದು ಎಲ್ಲ ಆಗಬಹುದು. ಕೆಲವರ ಜೀವಕ್ಕೇ ಅಪಾಯ. ಎಷ್ಟು ಕುಡಿಯುತ್ತೀರಿ ಅಂತ ನೀವು ಬರೆದಿಲ್ಲ. ಅದನ್ನು ವೈದ್ಯರಿಗೆ ಮುಚ್ಚುಮರೆ ಇಲ್ಲದೆ ಹೇಳಿ, ಅವರು ಹೇಳಿದ ಕ್ರಮದಲ್ಲಿ ಬಿಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಮೊದಲು ಫೋನಿನಲ್ಲಿ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಅಪ್ಪ ಹೋದ ದುಃಖವನ್ನೂ ಅಲ್ಲಿ ಹೇಳಿಕೊಳ್ಳಬಹುದು. ವರ್ಷವಾದರೂ ಮನಸ್ಸು ನಿಲ್ಲದಿದ್ದರೆ ಅದನ್ನೂ ಒಮ್ಮೆ ತೋರಿಸುವುದು ಒಳ್ಳೆಯದು. ಸಂಗೀತ ಇದಕ್ಕೆಲ್ಲ ಜೊತೆಗಿರಲಿ, ಬದಲಿಗೆ ಬೇಡ.

ಇನ್ನು 'ತಪ್ಪು ಸ್ವರ ಇಲ್ಲ' ಅನ್ನುವ ಮಾತು. ಆಫೀಸಿನ ತರಬೇತಿಗಳಲ್ಲಿ ಇದು ಬಹಳ ಓಡಾಡುತ್ತದೆ. ಇದರ ಹಿಂದೆ ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್ ಹೇಳುವ ಒಂದು ಘಟನೆ ಇದೆ. 1960ರ ದಶಕದಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಮೈಲ್ಸ್ ಡೇವಿಸ್ ಬ್ಯಾಂಡಿನ ಕಚೇರಿ. ಮೈಲ್ಸ್ ಸೋಲೋ (ಒಬ್ಬರೇ ಮುಂದೆ ನಿಂತು ನುಡಿಸುವ ಭಾಗ) ನುಡಿಸುವಾಗ ಹ್ಯಾನ್‌ಕಾಕ್ ಪೂರಾ ತಪ್ಪಾದ ಒಂದು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಒತ್ತಿಬಿಟ್ಟರು. ಮೈಲ್ಸ್ ಅರೆಕ್ಷಣ ನಿಂತು, ಆ ಕಾರ್ಡ್ ಸರಿ ಅನ್ನಿಸುವಂಥ ಸ್ವರಗಳನ್ನು ಊದಿದರು. ಅವರು ಅದನ್ನು ತಪ್ಪು ಅಂತ ಕೇಳಿಸಿಕೊಳ್ಳಲೇ ಇಲ್ಲ, ಏನೋ ಒಂದು ನಡೆಯಿತು ಅಂತಷ್ಟೇ ಕೇಳಿಸಿಕೊಂಡರು ಅನ್ನುತ್ತಾರೆ ಹ್ಯಾನ್‌ಕಾಕ್.

ಘಟನೆ ಚೆನ್ನಾಗಿದೆ. ಆದರೆ ಅದರಿಂದ 'ಏನು ಬೇಕಾದರೂ ನುಡಿಸಿ' ಅನ್ನುವ ಪಾಠ ತೆಗೆಯುವವರು ವೇದಿಕೆಯಲ್ಲಿ ಕೂತವರಲ್ಲ. ಆ ಕಾರ್ಡನ್ನು ಉಳಿಸಿದ್ದು ಮೈಲ್ಸ್ ಅವರ ಕಿವಿ ಮತ್ತು ಎರಡು ದಶಕದ ಅಭ್ಯಾಸ. ಹ್ಯಾನ್‌ಕಾಕ್ ಆ ಘಟನೆ ಹೇಳುವುದೂ ತನ್ನ ಪಕ್ಕದವರು ಎಂಥವರಾಗಿದ್ದರು ಅನ್ನುವುದಕ್ಕೆ. ಅಂದರೆ ಅಲ್ಲಿ ಕಲಿಯುವುದು ಏನಾದರೂ ಇದ್ದರೆ ಅದು ತಪ್ಪು ನುಡಿಸುವವರಿಗಲ್ಲ, ಪಕ್ಕದಲ್ಲಿರುವವರಿಗೆ.

ಹೊರಗಿನಿಂದ ನೋಡಿದರೆ ಜಾಝ್ ಮನಸ್ಸಿಗೆ ಬಂದ ಹಾಗೆ ಹರಿಯುತ್ತದೆ ಅನ್ನಿಸುತ್ತದೆ. ಒಳಗೆ ಹಾಗಿಲ್ಲ. ಬಾರ್ ಅಂದರೆ ಲಯದ ಎಣಿಕೆಯ ಒಂದು ಘಟಕ. ಸಾಮಾನ್ಯವಾಗಿ 12 ಅಥವಾ 32 ಬಾರ್‌ಗಳ ಒಂದು ಸುತ್ತು ಇರುತ್ತದೆ, ನಮ್ಮ ಆವರ್ತನಗಳ ಹಾಗೆ. ಪ್ರತಿ ಸುತ್ತಿಗೂ ಕಾರ್ಡ್‌ಗಳ ಒಂದು ಹಾದಿ ಇರುತ್ತದೆ. ಸೋಲೋ ನುಡಿಸುವವರು ಎಷ್ಟು ದೂರ ಹೋದರೂ ಆ ಸುತ್ತು ಎಲ್ಲಿದೆ ಅಂತ ಗೊತ್ತಿರಲೇಬೇಕು. ಕಲ್ಪನಾಸ್ವರ ಹಾಡುವವರು ಎಡುಪಿಗೆ, ಅಂದರೆ ತಾಳದಲ್ಲಿ ಸಾಲು ಶುರುವಾಗುವ ಜಾಗಕ್ಕೆ, ಬಂದು ಸೇರಲೇಬೇಕಲ್ಲ, ಹಾಗೆ. ಬಾಸು, ಡ್ರಮ್ಸು, ಪಿಯಾನೋ ಎಲ್ಲರೂ ಒಳಗೊಳಗೇ ಎಣಿಸುತ್ತಿರುತ್ತಾರೆ. ಯಾರೂ ಕೈಯಲ್ಲಿ ತಾಳ ಹಾಕುವುದಿಲ್ಲ ಅಷ್ಟೇ. ಡ್ರಮ್ಸ್ ನಿನ್ನದಲ್ಲ ಅಂದಮಾತ್ರಕ್ಕೆ ಲಯ ನಿನ್ನ ಜವಾಬ್ದಾರಿ ಅಲ್ಲ ಅಂದುಕೊಳ್ಳಬೇಡ ಅನ್ನುವುದು ಮಂಕ್ ತಮ್ಮ ಜೊತೆಯವರಿಗೆ ಕೊಟ್ಟ ಬುದ್ಧಿಮಾತುಗಳಲ್ಲಿ ಒಂದು. ಎಲ್ಲವನ್ನೂ ನುಡಿಸಬೇಡ, ಕೆಲವನ್ನು ಹಾಗೇ ಹೋಗಲು ಬಿಡು ಅನ್ನುವುದು ಇನ್ನೊಂದು. ಕಲಿಯಲು ಬರುವವರಿಗೆ ನಾನು ಇವೆರಡನ್ನು ಹೇಳುತ್ತಲೇ ಇರುತ್ತೇನೆ. ಎರಡನೆಯದನ್ನು ಜಾಸ್ತಿ ಸಲ ಹೇಳಬೇಕಾಗುತ್ತದೆ.

ತಪ್ಪು ಸ್ವರ ಇದ್ದೇ ಇದೆ. ಪಾರ್ಕರ್ 1936ರಲ್ಲಿ, ಇನ್ನೂ 16 ತುಂಬುವ ಆಸುಪಾಸಿನಲ್ಲಿ, ಕ್ಯಾನ್ಸಾಸ್ ಸಿಟಿಯ ರೀನೋ ಕ್ಲಬ್ಬಿನಲ್ಲಿ ದೊಡ್ಡವರ ಜೊತೆ ನುಡಿಸಲು ಹೋಗಿ ದಾರಿ ತಪ್ಪಿದರು. ಡ್ರಮ್ಸ್ ನುಡಿಸುತ್ತಿದ್ದ ಜೋ ಜೋನ್ಸ್ ಒಂದು ಸಿಂಬಲ್ ಕಿತ್ತು ನೆಲಕ್ಕೆ ಎಸೆದರು. ಜನ ನಕ್ಕರು. 'ತಪ್ಪೇ ಇಲ್ಲ ಕಣಪ್ಪಾ' ಅಂತ ಯಾರೂ ಹೇಳಲಿಲ್ಲ. ಮುಂದಿನ ಮೂರ್ನಾಲ್ಕು ವರ್ಷ ದಿನಕ್ಕೆ 11ರಿಂದ 15 ಗಂಟೆ ಅಭ್ಯಾಸ ಮಾಡಿದೆ ಅಂತ ಪಾರ್ಕರ್ ಆಮೇಲೆ ಹೇಳಿದ್ದಾರೆ.

ನನಗೆ ಇದಕ್ಕಿಂತ ಇಷ್ಟವಾದದ್ದು ಟಾಮಿ ಫ್ಲಾನಗನ್ ಪ್ರಸಂಗ. 1959ರ ಮೇ ತಿಂಗಳಲ್ಲಿ ಕೋಲ್ಟ್ರೇನ್ 'ಜೈಂಟ್ ಸ್ಟೆಪ್ಸ್' ರೆಕಾರ್ಡ್ ಮಾಡಿದರು. ಕಾರ್ಡ್‌ಗಳು ಬದಲಾಗುವ ಹಾದಿ ಹೊಸದು, ವೇಗ ಭಯಂಕರ. ಕೋಲ್ಟ್ರೇನ್ ಅದರ ಮೇಲೆ ಬಹಳ ದಿನದಿಂದ ಕೆಲಸ ಮಾಡಿದ್ದರು. ಪಿಯಾನೋಗೆ ಕೂತಿದ್ದ ಫ್ಲಾನಗನ್‌ಗೆ ಅಷ್ಟು ಸಮಯ ಸಿಕ್ಕಿರಲಿಲ್ಲ. ಕೋಲ್ಟ್ರೇನ್ ಸೋಲೋ ಜಲಪಾತದ ಹಾಗೆ ಬರುತ್ತದೆ. ಆಮೇಲೆ ಫ್ಲಾನಗನ್ ಸರದಿ. ತಡವರಿಸುತ್ತಾರೆ, ಸ್ವರಗಳ ನಡುವೆ ಕಂದಕ ಬೀಳುತ್ತದೆ, ಕೊನೆಗೆ ಸೋಲೋ ಕೈಬಿಟ್ಟು ಸುಮ್ನೆ ಕಾರ್ಡ್‌ಗಳನ್ನು ಒತ್ತಿಕೊಂಡು ಹೋಗುತ್ತಾರೆ. ಅದು ಹಾಗೇ ರೆಕಾರ್ಡಿನಲ್ಲಿ ಉಳಿಯಿತು. ಜಗತ್ತು ಇವತ್ತಿಗೂ ಕೇಳುತ್ತಿದೆ. ಫ್ಲಾನಗನ್ ಸಣ್ಣ ಪಿಯಾನಿಸ್ಟ್ ಅಲ್ಲ, ಆ ಪೀಳಿಗೆಯ ಅತ್ಯಂತ ನಯವಾದ ಕೈಗಳಲ್ಲಿ ಒಂದು. 1982ರಲ್ಲಿ ಅವರು ತಮ್ಮದೇ ಟ್ರಿಯೋ (ಮೂವರ ತಂಡ) ಕಟ್ಟಿಕೊಂಡು ಕೋಲ್ಟ್ರೇನ್ ನೆನಪಿಗೆ ಅದೇ ರಚನೆಯನ್ನು ಮತ್ತೆ ರೆಕಾರ್ಡ್ ಮಾಡಿದರು. ಈ ಸಲ ನೀರು ಕುಡಿದಷ್ಟು ಸಲೀಸು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ತರಬೇತಿಗೆ ಬಂದವರು ಹೇಳಬೇಕಾದ ಕಥೆ ಇದಾಗಿತ್ತು. ಆದರೆ ಅರ್ಧ ದಿನದ ಕಾರ್ಯಾಗಾರದಲ್ಲಿ 23 ವರ್ಷದ ಕಥೆಗೆ ಎಲ್ಲಿ ಜಾಗ?

ಕೆಲಸ ಬಿಡುವ ವಿಚಾರದಲ್ಲಿ ನಿಮಗೆ ಯಾರಾದರೂ ರೋಲಿನ್ಸ್ ಉದಾಹರಣೆ ಕೊಟ್ಟೇ ಕೊಡುತ್ತಾರೆ. 1959ರಿಂದ 1961ರವರೆಗೆ ಅವರು ಕಚೇರಿಗಳನ್ನೆಲ್ಲ ಬಿಟ್ಟು ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ಒಬ್ಬರೇ ಅಭ್ಯಾಸ ಮಾಡಿದರು. ಬಿಸಿಲು, ಚಳಿ ನೋಡದೆ ಕೆಲವು ದಿನ 15 ಗಂಟೆ. ಆದರೆ ಆಗ ಅವರು ದೇಶದ ಹೆಸರಾಂತ ಸ್ಯಾಕ್ಸೋಫೋನ್ ವಾದಕ. ತನ್ನ ಕಸುಬಿನೊಳಗೇ ಇನ್ನೂ ಆಳಕ್ಕೆ ಹೋಗಲು ನಿಂತವರು, ಕಸುಬು ಬದಲಿಸಲು ಅಲ್ಲ. ಸೇತುವೆಗೆ ಹೋದ ಕಾರಣ ಇನ್ನೂ ಸರಳ: ಪಕ್ಕದ ಮನೆಯಲ್ಲಿ ಬಸುರಿ ಹೆಂಗಸಿದ್ದರು, ಆ ಸದ್ದಿನಿಂದ ಅವರಿಗೆ ತೊಂದರೆ ಆಗಬಾರದು ಅಂತ. ಮುಂದೆ 1960ರ ದಶಕದ ಕೊನೆಗೆ ಅವರು ಮುಂಬೈನ ಪೊವಾಯಿಯಲ್ಲಿರುವ ಚಿನ್ಮಯಾನಂದರ ಆಶ್ರಮಕ್ಕೂ ಬಂದು ಕೆಲವು ತಿಂಗಳು ಇದ್ದರು. ಕಣ್ಣು ಮುಚ್ಚಿ ಧ್ಯಾನಕ್ಕೆ ಕೂರಲು ಆಗುತ್ತಿಲ್ಲ ಅಂದಾಗ, ನೀನು ವಾದ್ಯ ನುಡಿಸುವುದೇ ನಿನ್ನ ಧ್ಯಾನ ಅನ್ನುವ ಉತ್ತರ ಸಿಕ್ಕಿತಂತೆ. ವಾಪಸ್ ಹೋಗಿ ಕೆಲಸ ಮಾಡಿದರು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕೆಲಸ ಈಗ ಬಿಡಬೇಡಿ. ದುಃಖದ ವರ್ಷದಲ್ಲಿ, ಕುಡಿತ ನಡೆಯುತ್ತಿರುವಾಗ, ಇಡೀ ದಿನ ಖಾಲಿ ಸಿಕ್ಕರೆ ಅದು ಸ್ಯಾಕ್ಸೋಫೋನಿಗೇ ಹೋಗುತ್ತದೆ ಅನ್ನುವ ಖಾತ್ರಿ ಇಲ್ಲ. ಹೊಸದಾಗಿ ಊದುವವರ ತುಟಿ ದಿನಕ್ಕೆ ಅರ್ಧ, ಮುಕ್ಕಾಲು ಗಂಟೆಗಿಂತ ಜಾಸ್ತಿ ತಡೆಯುವುದೂ ಇಲ್ಲ. ಉಳಿದ ಹೊತ್ತು ಏನು ಮಾಡುತ್ತೀರಿ? ಇನ್ನು ನಿಮ್ಮ ಹೆಂಡತಿಯ ಮಾತು. ಅದನ್ನು ನೀವು ಅಡ್ಡಿ ಅನ್ನುವ ಹಾಗೆ ಬರೆದಿದ್ದೀರಿ. ಬ್ಯಾಂಡಿನಲ್ಲಿ ಬಾಸ್ ನುಡಿಸುವವರು ಬೇರೆ ಕಡೆ ಹೋಗುತ್ತಿದ್ದರೆ ನಾವು ಮೊದಲು ಮಾಡುವ ಕೆಲಸ, ನಮ್ಮ ದನಿ ತಗ್ಗಿಸಿ ಅವರು ಏನು ನುಡಿಸುತ್ತಿದ್ದಾರೆ ಅಂತ ಕೇಳುವುದು. ಎಷ್ಟೋ ಸಲ ಅವರೇ ಸರಿಯಾದ ಜಾಗದಲ್ಲಿರುತ್ತಾರೆ. ಆಕೆ ಬೇಡ ಅನ್ನುತ್ತಿರುವುದು ಸ್ಯಾಕ್ಸೋಫೋನೋ, ಕೆಲಸ ಬಿಡುವುದೋ, ಕುಡಿತವೋ ಅಂತ ಕೇಳಿದ್ದೀರಾ?

ಕೇಳುವುದನ್ನು ಬಿಡಬೇಡಿ. ಆದರೆ ವಾರಕ್ಕೊಮ್ಮೆಯಾದರೂ ಹೆಡ್‌ಫೋನ್ ತೆಗೆದು ಸ್ಪೀಕರ್‌ನಲ್ಲಿ ಹಾಕಿ, ಕುಡಿಯದೆ ಇರುವ ಹೊತ್ತಿನಲ್ಲಿ. ಅಮ್ಮನಿಗೆ ಕೋಲ್ಟ್ರೇನ್ ಬೇಡ, ಆಲಿಸ್ ಕೋಲ್ಟ್ರೇನ್ ಅವರಿಂದ ಶುರು ಮಾಡಿ. ಜಾನ್ ಅವರ ಎರಡನೇ ಹೆಂಡತಿ, ಪಿಯಾನೋ ಮತ್ತು ಹಾರ್ಪ್ ವಾದಕಿ. ಗಂಡ ಸತ್ತಾಗ ಆಕೆಗೆ 29, ನಾಲ್ಕು ಸಣ್ಣ ಮಕ್ಕಳು. ನಿದ್ದೆ ಹೋಯಿತು, ತೂಕ ಇಳಿಯಿತು, ಮನಸ್ಸು ಕದಡಿತು. ಸ್ವಾಮಿ ಸಚ್ಚಿದಾನಂದರ ಪರಿಚಯ ಆದ ಮೇಲೆ ನೆಲೆ ಸಿಕ್ಕಿತು. ಅವರ ಹೆಸರಿನಲ್ಲೇ 1971ರಲ್ಲಿ ಒಂದು ಆಲ್ಬಮ್ ಬಂತು, ಅದರಲ್ಲಿ ತಂಬೂರಿಯ ಶ್ರುತಿಯೂ ಇದೆ. ಮುಂದೆ ತುರೀಯಸಂಗೀತಾನಂದ ಎಂಬ ಹೆಸರು ಪಡೆದು ಕ್ಯಾಲಿಫೋರ್ನಿಯಾದಲ್ಲಿ ಆಶ್ರಮ ಕಟ್ಟಿದರು. ಅಲ್ಲಿ ಭಾನುವಾರದ ಭಜನೆಗೆ ಆಕೆಯೇ ಆರ್ಗನ್ ನುಡಿಸುತ್ತಿದ್ದರು. ಸಂಸ್ಕೃತದ ನಾಮಾವಳಿ, ಡೆಟ್ರಾಯಿಟ್ ಚರ್ಚಿನ ಚಪ್ಪಾಳೆ. ಆ ಭಜನೆಗಳು ಕ್ಯಾಸೆಟ್‌ಗಳಲ್ಲಿ ಬಂದಿದ್ದವು, ಈಗ ಹುಡುಕಿದರೆ ಕೇಳಲು ಸಿಗುತ್ತವೆ. ಅಮ್ಮನಿಗೆ ಇಷ್ಟವಾಗದಿದ್ದರೂ ಪದಗಳು ಗೊತ್ತಿರುತ್ತವೆ. ಆಲಿಸ್ ಹಾಡಿದ್ದನ್ನು ಅಮ್ಮ ತಿದ್ದಲೂಬಹುದು, ಅದೂ ಒಳ್ಳೆಯದೇ.

ಸ್ಯಾಕ್ಸೋಫೋನ್ ಕಲಿಯಿರಿ. 44 ತಡ ಏನಲ್ಲ, ವೃತ್ತಿ ಮಾಡಿಕೊಳ್ಳಲು ತಡ, ನುಡಿಸಲು ಅಲ್ಲ. ಮಂಗಳೂರು ಕಡೆಯ ಕದ್ರಿ ಗೋಪಾಲನಾಥ್ ಆ ವಾದ್ಯವನ್ನು ಮೊದಲು ಕೇಳಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ನಾಗಸ್ವರದ ಮನೆಯಿಂದ ಬಂದವರು, ಅದನ್ನು ಗಮಕಕ್ಕೆ ಒಗ್ಗಿಸಲು ವರ್ಷಾನುಗಟ್ಟಲೆ ದುಡಿದರು. 1980ರಲ್ಲಿ ಮುಂಬೈನ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ವೇದಿಕೆ ಏರಿದರು. 2008ರಲ್ಲಿ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ ಇಡೀ ಆಲ್ಬಮ್ಮನ್ನೇ ಮಾಡಿದರು. ರುದ್ರೇಶ್‌ಗೆ ಕದ್ರಿಯವರ ಪರಿಚಯ ಆದದ್ದು ಅಣ್ಣ ತಮಾಷೆಗೆ ತಂದುಕೊಟ್ಟ ಒಂದು ರೆಕಾರ್ಡಿನಿಂದ. ಹಾಗಾಗಿ ಕರ್ನಾಟಕ ಸಂಗೀತದ ಗುರುಗಳೇ ಸಿಕ್ಕರೂ ನಷ್ಟವಿಲ್ಲ, ಉಸಿರು ಮತ್ತು ಶ್ರುತಿಯ ಪಾಠ ಎರಡಕ್ಕೂ ಒಂದೇ. ಜಾಝೇ ಬೇಕು ಅಂದರೆ ಸ್ವಲ್ಪ ಕಲಿತ ಕೂಡಲೇ ಇನ್ನಿಬ್ಬರು ಮೂವರ ಜೊತೆ ಕೂತು ನುಡಿಸಲು ಶುರು ಮಾಡಿ. ಮನೆಯಲ್ಲಿ ಮೊಬೈಲಿನ ಹಿನ್ನೆಲೆ ಸಂಗೀತಕ್ಕೆ ವರ್ಷಗಟ್ಟಲೆ ಒಬ್ಬರೇ ನುಡಿಸಿದವರು ಬ್ಯಾಂಡಿಗೆ ಬಂದಾಗ ಪಕ್ಕದವರನ್ನು ಕೇಳುವುದೇ ಇಲ್ಲ. ಒಂದು ಎಚ್ಚರ: ಬೆಂಗಳೂರಿನಲ್ಲಿ ಜನ ಸೇರಿ ಜಾಝ್ ನುಡಿಸುವ ಜಾಗಗಳಲ್ಲಿ ಬಹಳಷ್ಟು ಪಬ್ಬುಗಳೇ. ಕುಡಿತ ಹಿಡಿತಕ್ಕೆ ಬರುವ ತನಕ ನಿಮಗೆ ಅವು ಬೇಡ. ಸಂಗೀತ ಶಾಲೆಗಳ ತರಗತಿ, ಯಾರದಾದರೂ ಮನೆಯ ಮಹಡಿ ಸಾಕು.

ಕೋಲ್ಟ್ರೇನ್ ನುಡಿಸಿದ್ದು ಟೆನರ್ ಸ್ಯಾಕ್ಸೋಫೋನ್ ಅಂತ ಅದಕ್ಕೇ ಆಸೆ ಪಡಬೇಡಿ. ಅದಕ್ಕಿಂತ ಚಿಕ್ಕದಾದ ಆಲ್ಟೋ ಸ್ಯಾಕ್ಸೋಫೋನ್ ಹಗುರ, ಉಸಿರೂ ಕಡಿಮೆ ಸಾಕು, ಬೆರಳಿನ ಕ್ರಮ ಎರಡಕ್ಕೂ ಒಂದೇ. ಮೊದಲ ಮೂರು ತಿಂಗಳು ಬಾಡಿಗೆಗೆ ಸಿಕ್ಕರೆ ಬಾಡಿಗೆಗೇ ತೆಗೆದುಕೊಳ್ಳಿ. ಹಳೇದು ಕೊಳ್ಳುವುದಾದರೆ ಗುರುಗಳನ್ನೇ ಕರೆದುಕೊಂಡು ಹೋಗಿ. ಕೀಲಿಗಳ ಕೆಳಗಿನ ಪ್ಯಾಡ್ ಸವೆದು ಗಾಳಿ ಸೋರುತ್ತಿದ್ದರೆ ಕೆಳಗಿನ ಸ್ವರಗಳು ಎಷ್ಟು ಊದಿದರೂ ಬರುವುದಿಲ್ಲ, ಹೊಸಬರು ಅದನ್ನು ತಮ್ಮದೇ ತಪ್ಪು ಅಂದುಕೊಂಡು ಬಿಟ್ಟುಬಿಡುತ್ತಾರೆ. ರೀಡ್ (ಊದುವ ತುದಿಗೆ ಹಾಕುವ ತೆಳು ಪಟ್ಟಿ) 2 ಅಥವಾ 2.5 ನಂಬರಿನದು ತೆಗೆದುಕೊಳ್ಳಿ, ಒಂದೇ ಬೇಡ, ಮೂರ್ನಾಲ್ಕು ಇಟ್ಟುಕೊಂಡು ದಿನಾ ಬದಲಿಸಿ. ಶುರುವಿನಲ್ಲಿ ಹಾಡಿಗೆ ಹೋಗಬೇಡಿ, ಒಂದೊಂದೇ ಸ್ವರ ಹಿಡಿದು ಉಸಿರು ಇರುವಷ್ಟು ಹೊತ್ತು ನಿಲ್ಲಿಸಿ. ಸದ್ದು ಜೋರಾಗಿಯೇ ಇರುತ್ತದೆ. ಅಪಾರ್ಟ್‌ಮೆಂಟ್ ಆದರೆ ಸಂಜೆ ಏಳರೊಳಗೆ ಮುಗಿಸಿ, ಕೆಳಗಿನ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ.